ದೇವರಿಲ್ಲದ ಕಲ್ಲುಗಳ ಪರವಾಗಿ: ಕೇಂದ್ರ ಗಣಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

2022ರ ಡಿಸೆಂಬರಿನಲ್ಲಿ ನಿಮ್ಮ ಸಚಿವಾಲಯ ಒಂದು ಕರಡು ಮಸೂದೆಯನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಟ್ಟಿತ್ತು. ಭೂಪರಂಪರೆಯ ತಾಣಗಳನ್ನೂ, ಪಳೆಯುಳಿಕೆ, ಉಲ್ಕಾಶಿಲೆಗಳಂಥ ಭೂ ಅವಶೇಷಗಳನ್ನೂ ಸಂರಕ್ಷಿಸುವ ಮಸೂದೆ ಅದು. ನಮ್ಮಂಥವರು ಕೂತು ಓದಿದೆವು, ಅಡಿಗೆರೆ ಎಳೆದೆವು, ಅನಿಸಿದ್ದನ್ನು ಬರೆದು ಕಳಿಸಿದೆವು. ಅಷ್ಟಕ್ಕೇ ನಿಂತಿತು. ಕರಡು ಕರಡಾಗಿಯೇ ಉಳಿಯಿತು. ಅದನ್ನು ಕಪಾಟಿನಿಂದ ಹೊರಗೆ ತೆಗೆಯಿರಿ, ತಿದ್ದಬೇಕಾದ್ದನ್ನು ತಿದ್ದಿರಿ, ಸಂಸತ್ತಿನ ಮುಂದಿಡಿ ಎಂದು ಕೇಳಲು ಈ ಪತ್ರ.

ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇದು ನಿಮಗೆ ಎಷ್ಟೋ, ನಮ್ಮ ತಾಲ್ಲೂಕಿನ ತಹಶೀಲ್ದಾರರಿಗೂ ಗ್ರಾಮ ಪಂಚಾಯಿತಿಯ ಸದಸ್ಯರಿಗೂ ಅಷ್ಟೇ ಸೇರಬೇಕಾದ ಪತ್ರ. ದೆಹಲಿಯ ಕಚೇರಿಗಳಲ್ಲಿ ಅನುವಾದಕರಿದ್ದಾರೆ, ನಮ್ಮ ಪಂಚಾಯಿತಿಗಳಲ್ಲಿ ಇಲ್ಲ.

ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಊರು ಚಿತ್ರದುರ್ಗದ ಕಡೆ. ಗಣಿಗಾರಿಕೆಯ ವಿರೋಧಿ ಎಂದು ನನ್ನನ್ನು ಆರಂಭದಲ್ಲೇ ಪಕ್ಕಕ್ಕೆ ಸರಿಸಬೇಡಿ. ನನ್ನ ಎಷ್ಟೋ ವಿದ್ಯಾರ್ಥಿಗಳ ಅನ್ನ ಗಣಿಯದು. ಮನೆ ಕಟ್ಟಲು ಜಲ್ಲಿ ಬೇಕು, ಹೊಲಕ್ಕೆ ರಂಜಕ ಬೇಕು, ಅವೆಲ್ಲ ನೆಲದಿಂದಲೇ ಬರಬೇಕು. ಆದರೆ ಅಗೆಯುವ ಖಾತೆಯೂ ನಿಮ್ಮದೇ, 1851ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯೂ ನಿಮ್ಮ ಕೈಕೆಳಗೇ. ಯಾವುದನ್ನು ಅಗೆಯಬಹುದು, ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆ ಒಂದೇ ಸೂರಿನಡಿ ಇರುವಾಗ ಕೇಳಬೇಕಾದ್ದು ನಿಮ್ಮನ್ನೇ.

ಮೊದಲು ನನ್ನ ಜಿಲ್ಲೆಯ ವಿಷಯ. ಚಿತ್ರದುರ್ಗದ ಏಳುಸುತ್ತಿನ ಕೋಟೆ ನಿಮಗೆ ಗೊತ್ತಿರುತ್ತದೆ. ನಾಯಕರು ಕಟ್ಟಿದ ಆ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅದರ ಗೋಡೆಯ ಕಲ್ಲೊಂದನ್ನು ಯಾರಾದರೂ ಕಿತ್ತರೆ 1958ರ ಕಾಯಿದೆಯ ಪ್ರಕಾರ, 2010ರ ತಿದ್ದುಪಡಿಯಾದ ಮೇಲೆ, ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಸರಿಯೇ, ಹಾಗೆಯೇ ಇರಬೇಕು. ಅದೇ ಕೋಟೆಯಿಂದ ಅರ್ಧ ಗಂಟೆಯ ದಾರಿಯಲ್ಲಿ, ಐಮಂಗಲದ ಕಡೆಗೆ, ಮರಡಿಹಳ್ಳಿ ಎಂಬ ಊರಿದೆ. ಅಲ್ಲಿನ ದಿಂಬಿನಾಕಾರದ ಲಾವಾ ಶಿಲೆಗಳನ್ನು ಸರ್ವೇಕ್ಷಣಾ ಸಂಸ್ಥೆ 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿತು. ಕೋಟೆಗೆ ಕೆಲವು ನೂರು ವರ್ಷ, ಈ ಶಿಲೆಗೆ ಸುಮಾರು 250 ಕೋಟಿ ವರ್ಷ. ಅದನ್ನು ಒಡೆದವನಿಗೆ ಏನು ಶಿಕ್ಷೆ? ಸ್ಮಾರಕವನ್ನು ಒಡೆದದ್ದಕ್ಕೆಂದೇ ಶಿಕ್ಷೆ ಯಾವುದೂ ಇಲ್ಲ. ಆ ಘೋಷಣೆಯ ಹಿಂದೆ ಕಾನೂನೇ ಇಲ್ಲವಲ್ಲ. ಸಂವಿಧಾನದ 49ನೇ ವಿಧಿ ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು ಕಾಯುವ ಹೊಣೆಯನ್ನು ಪ್ರಭುತ್ವದ ಮೇಲೆ ಹೊರಿಸಿದೆ, ನಿಜ. ಆದರೆ ಸಂಸತ್ತಿನ ಕಾನೂನು ಯಾವುದನ್ನು ಅಂಥ ಸ್ಮಾರಕವೆಂದು ಹೇಳುತ್ತದೋ ಅದಕ್ಕೆ ಮಾತ್ರ ಆ ರಕ್ಷಣೆ.

ಮರಡಿಹಳ್ಳಿಯ ಬಂಡೆಯ ಹತ್ತಿರ ನೀವು ಒಮ್ಮೆ ಮಂಡಿಯೂರಿ ಕೂತು ನೋಡಬೇಕು. ದೂರದಿಂದ ಏನೂ ವಿಶೇಷವಿಲ್ಲ. ಕುರುಚಲು ಗಿಡ, ಬಿಸಿಲು, ಹಸಿರು ಛಾಯೆಯ ಕಪ್ಪು ಕಲ್ಲು. ಹತ್ತಿರ ಹೋದರೆ ಬಂಡೆಯ ಮೈಯೆಲ್ಲ ದುಂಡಗಿನ, ಉದ್ದುದ್ದನೆಯ ಉಬ್ಬುಗಳು ಒಂದರ ಮೇಲೊಂದು ಒರಗಿವೆ. ಸಮುದ್ರದ ತಳದಲ್ಲಿ ನೆಲ ಬಿರಿದು ಶಿಲಾರಸ ಉಕ್ಕಿದಾಗ ತಣ್ಣೀರು ತಗುಲಿದ ಕ್ಷಣವೇ ಅದರ ಮೇಲ್ಮೈ ಗಾಜಿನ ಸಿಪ್ಪೆಯಾಗಿ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ಕುದಿಯುತ್ತಿರುವ ರಸ ಸಿಪ್ಪೆಯನ್ನು ಒಡೆದುಕೊಂಡು ಮುಂದೆ ಇನ್ನೊಂದು ಉಂಡೆಯಾಗಿ ಹೊರಬರುತ್ತದೆ. ಅದಕ್ಕೂ ಸಿಪ್ಪೆ, ಅದೂ ಒಡೆದು ಮತ್ತೊಂದು. ಹೀಗೆ ಬಿದ್ದ ರಾಶಿ ಅದು. ಪ್ರತಿ ಉಂಡೆಯ ಅಂಚಿನಲ್ಲಿ ಬೆರಳಗಲದ ನುಣುಪಾದ ಪಟ್ಟಿ ಕಾಣುತ್ತದೆ. ಅದೇ ಬೇಗ ತಣಿದ ಸಿಪ್ಪೆ. ಕಣ್ಣು ಚುರುಕಿದ್ದರೆ ಅಂಚಿನ ಬಳಿ ಅನಿಲದ ಗುಳ್ಳೆಗಳು ಬಿಟ್ಟುಹೋದ ತೂತುಗಳನ್ನೂ, ಆಮೇಲೆ ಅವುಗಳಲ್ಲಿ ತುಂಬಿಕೊಂಡ ಬಿಳಿ ಖನಿಜವನ್ನೂ ಗುರುತಿಸಬಹುದು.

ಇನ್ನೊಂದು ಸಂಗತಿಯಿದೆ, ತರಗತಿಯಲ್ಲಿ ನನಗೆ ಬಹಳ ಇಷ್ಟವಾಗಿದ್ದದ್ದು. ಉಂಡೆ ಇನ್ನೂ ಮೆತ್ತಗಿರುವಾಗಲೇ ಕೆಳಗಿನ ಎರಡು ಉಂಡೆಗಳ ನಡುವಿನ ಸಂದಿಗೆ ಅದರ ಹೊಟ್ಟೆ ಇಳಿದು ಚೂಪು ಬಾಲದಂತೆ ಆಗುತ್ತದೆ. ತಲೆ ಮಾತ್ರ ದುಂಡಗೆ ಉಳಿಯುತ್ತದೆ. ಮುಂದೆ ಕೋಟ್ಯಂತರ ವರ್ಷಗಳಲ್ಲಿ ಇಡೀ ಪದರವೇ ಓರೆಯಾದರೂ, ಬುಡಮೇಲಾದರೂ, ಬಾಲ ಯಾವ ಕಡೆಗಿದೆ ಎಂದು ನೋಡಿ ಅಂದಿನ ಸಮುದ್ರದ ತಳ ಯಾವ ಕಡೆಗಿತ್ತು ಎಂದು ಹೇಳಬಹುದು. ಒಬ್ಬ ವಿದ್ಯಾರ್ಥಿನಿ ಒಂದು ಉಂಡೆಯ ಬಾಲದ ಮೇಲೆ ಬೆರಳಾಡಿಸುತ್ತ, “ಸರ್, ಹಾಗಾದರೆ ನಾವೀಗ ನಿಂತಿರುವುದು ಸಮುದ್ರದ ತಳದಲ್ಲೇ?” ಎಂದು ಕೇಳಿದ್ದಳು. ಚಿತ್ರದುರ್ಗದಲ್ಲಿ, ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿನ ಹುಡುಗಿ.

ಅಲ್ಲಿಗೆ ಹೋದಾಗ ಸುತ್ತಿಗೆ ಯಾರ ಚೀಲದಿಂದಲೂ ಹೊರಬರಕೂಡದು ಎಂಬುದು ನಮ್ಮ ನಿಯಮವಾಗಿತ್ತು. ಅದು ನಾವೇ ಹಾಕಿಕೊಂಡ ನಿಯಮ, ಸರ್ಕಾರದ್ದಲ್ಲ. ನಮ್ಮ ಕುಲದವರನ್ನೂ ಬಿಟ್ಟು ಮಾತಾಡುವುದಿಲ್ಲ: ಬಂಡೆಗಳನ್ನು ಹಾಳುಗೆಡವಿದವರಲ್ಲಿ ಭೂವಿಜ್ಞಾನಿಗಳೂ ಇದ್ದಾರೆ. ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವ ಜಾಗದಲ್ಲೇ ಮಾದರಿ ಕತ್ತರಿಸಿಕೊಳ್ಳುವ, ಅಲ್ಲೇ ಡ್ರಿಲ್ ಹಾಕಿ ಸಾಲಾಗಿ ತೂತು ಕೊರೆದು ಹೋಗುವ ಚಟ ನಮ್ಮವರಿಗೂ ಇದೆ.

ಸಚಿವರೇ, ಇಷ್ಟು ವರ್ಷ ದೇಶದ ಕಲ್ಲುಗಳನ್ನು ನೋಡಿದ ಮೇಲೆ ನನಗೆ ಅನಿಸಿದ್ದು ಇದು: ನಮ್ಮಲ್ಲಿ ಕಲ್ಲು ಉಳಿದಿದ್ದರೆ ಅದು ಬಹುಮಟ್ಟಿಗೆ ಬೇರೆ ಯಾರದೋ ಕೃಪೆಯಿಂದ. ದೇವರು ಇದ್ದರೆ ಉಳಿಯಿತು, ಹಕ್ಕಿ ಇದ್ದರೆ ಉಳಿಯಿತು, ತೋಟ ಬೆಳೆದಿದ್ದರೆ, ಚಿತ್ರ ಬರೆದಿದ್ದರೆ ಉಳಿಯಿತು. ಕಲ್ಲು ಎಂಬ ಕಾರಣಕ್ಕೇ ಉಳಿದದ್ದು ಅಪರೂಪ.

ರಾಮನಗರದ ಬೆಟ್ಟಗಳನ್ನು ನೋಡಿ. ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟ್ ಅದು, ಕರ್ನಾಟಕದ ಬೆನ್ನಮೇಲೆ ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಾಯ್ದಿರುವ ಶಿಲಾ ಪಟ್ಟಿ. ಅದರ ಸುತ್ತಮುತ್ತ ಎಷ್ಟು ಗುಡ್ಡಗಳು ಜಲ್ಲಿಯಾದವು ಎಂಬುದನ್ನು ಮೈಸೂರು ರಸ್ತೆಯಲ್ಲಿ ಓಡಾಡುವವರೆಲ್ಲ ಬಲ್ಲರು. ರಾಮದೇವರ ಬೆಟ್ಟಕ್ಕೆ 2012ರಲ್ಲಿ ರಕ್ಷಣೆ ಸಿಕ್ಕಿದ್ದು ರಣಹದ್ದುಗಳ ದೆಸೆಯಿಂದ. ಉದ್ದ ಕೊಕ್ಕಿನ ರಣಹದ್ದು ಅಲ್ಲಿ ಗೂಡು ಕಟ್ಟದೇ ಹೋಗಿದ್ದರೆ? ಇನ್ನು ಉತ್ತರ ಕನ್ನಡದ ಯಾಣ. ಕಾಡಿನ ನಡುವೆ ಕಪ್ಪು ಸುಣ್ಣಕಲ್ಲಿನ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎದ್ದು ನಿಂತಿದೆ, ಪಕ್ಕದಲ್ಲಿ ಮೋಹಿನಿ ಶಿಖರ 90 ಮೀಟರ್. ಅದನ್ನು ಕಾದದ್ದು ಭಸ್ಮಾಸುರನ ಕತೆ, ಶಿವರಾತ್ರಿಯ ಜಾತ್ರೆ, ಸುತ್ತಲ ಕಾಡು. ತಿರುಮಲದ ಶಿಲಾತೋರಣ, ಮಳೆ ಗಾಳಿಯೇ ಕೊರೆದ ಕಲ್ಲಿನ ಕಮಾನು, ತಿಮ್ಮಪ್ಪನ ಅಂಗಳದಲ್ಲಿರುವುದರಿಂದ ಅದಕ್ಕೆ ಬೇಲಿ ಬಂತು.

ಮುಂಬಯಿಯ ಅಂಧೇರಿಯಲ್ಲಿ ಗಿಲ್ಬರ್ಟ್ ಹಿಲ್ ಇದೆ. ಹೋಗಿ ನೋಡಿದವರು ಕಡಿಮೆ, ಏಕೆಂದರೆ ಕಟ್ಟಡಗಳ ನಡುವೆ ಅದನ್ನು ಹುಡುಕುವುದೇ ಕಷ್ಟ. ಸುಮಾರು 200 ಅಡಿ ಎತ್ತರದ ಒಂಟಿ ಬಸಾಲ್ಟ್ ಬಂಡೆ, ಮೈತುಂಬ ನೆಟ್ಟಗೆ ನಿಂತ ಬಹುಭುಜದ ಕಂಬಗಳು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೊಸಾರ್‌ಗಳ ಯುಗ ಮುಗಿಯುತ್ತ ಬಂದ ಕಾಲದಲ್ಲಿ, ದಖ್ಖನ್ನಿನ ಮೇಲೆ ಹರಿದ ಲಾವಾದ ಉಳಿಕೆ. ಆ ಲಾವಾ ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ನಮ್ಮ ಬೆಳಗಾವಿ, ವಿಜಯಪುರ, ಬೀದರ್, ಕಲಬುರಗಿಯ ಕಪ್ಪು ಮಣ್ಣು ಅದರದೇ ಪುಡಿ. ಗಿಲ್ಬರ್ಟ್ ಹಿಲ್ಲಿನ ಸುತ್ತಲಿನ ಕಲ್ಲನ್ನು ಮುಂಬಯಿ ಕಡಿದು ಕಟ್ಟಡಕ್ಕೆ ಬಳಸಿಕೊಂಡಿತು. ಉಳಿದ ಒಂದು ತುಂಡಿನ ನೆತ್ತಿಯ ಮೇಲೆ ಗಾವದೇವಿಯ ಗುಡಿಯಿದೆ, ಹತ್ತಲು ಕಲ್ಲಿನಲ್ಲೇ ಮೆಟ್ಟಿಲು ಕಡಿದಿದ್ದಾರೆ. 2007ರಲ್ಲಿ ಮುಂಬಯಿ ಮಹಾನಗರ ಪಾಲಿಕೆ ಅದನ್ನು ಎರಡನೇ ದರ್ಜೆಯ ಪಾರಂಪರಿಕ ತಾಣವೆಂದು ಪಟ್ಟಿಗೆ ಸೇರಿಸಿತು. ಆ ಹೊತ್ತಿಗೆ ವಸತಿ ಅದರ ಬುಡಕ್ಕೇ ಬಂದು ತಗುಲಿತ್ತು.

ಮಹಾರಾಷ್ಟ್ರದಲ್ಲೇ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರದ ಕತೆ ಇನ್ನೂ ಸೊಗಸು. ಬಸಾಲ್ಟ್ ಬಯಲಿನಲ್ಲಿ ಏಕಾಏಕಿ 1.8 ಕಿಲೋಮೀಟರ್ ಅಗಲದ ದುಂಡನೆಯ ಬಾಯಿ, ತಳದಲ್ಲಿ ಉಪ್ಪಿನ, ಕ್ಷಾರದ ನೀರು. 1823ರಲ್ಲಿ ಬ್ರಿಟಿಷ್ ಅಧಿಕಾರಿ ಅಲೆಗ್ಸಾಂಡರ್ ಇದರ ಬಗ್ಗೆ ಬರೆದ ಮೇಲೆ ಇದು ಹಳೆಯ ಜ್ವಾಲಾಮುಖಿಯೇ ಇರಬೇಕೆಂದು ಬಹಳ ಕಾಲ ವಾದ ನಡೆಯಿತು. ಭಾರಿ ಆಘಾತದಿಂದ ಮಾತ್ರ ಹುಟ್ಟುವ ಮ್ಯಾಸ್ಕಿಲಿನೈಟ್ ಎಂಬ ಗಾಜು ಅಲ್ಲಿ ಸಿಕ್ಕ ಮೇಲೆ ಆಕಾಶದಿಂದ ಬಿದ್ದ ಉಲ್ಕೆಯೇ ಕಾರಣವೆಂದು ಖಚಿತವಾಯಿತು. ವಯಸ್ಸು ಸುಮಾರು 50 ಸಾವಿರ ವರ್ಷ ಎಂದು ಹಿಂದೆ ಅಂದಾಜಿಸಿದ್ದರು, ಆರ್ಗಾನ್ ವಿಧಾನದ ಅಳತೆ 5 ಲಕ್ಷ 70 ಸಾವಿರದ ಹತ್ತಿರ ಹೋಗುತ್ತದೆ. ಬಸಾಲ್ಟಿನಲ್ಲಿ ಇಷ್ಟು ಚೆನ್ನಾಗಿ ಉಳಿದ ಉಲ್ಕಾ ಕುಳಿ ಭೂಮಿಯ ಮೇಲೆ ಬಹಳ ವಿರಳ. ಚಂದ್ರನ, ಮಂಗಳನ ಕುಳಿಗಳನ್ನು ಅರ್ಥ ಮಾಡಿಕೊಳ್ಳಲು ವಿಜ್ಞಾನಿಗಳು ಇಲ್ಲಿಗೆ ಬರುವುದು ಅದಕ್ಕೇ. 2020ರ ಜೂನ್‌ನಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿ ದೇಶವೆಲ್ಲ ಬೆರಗಾಯಿತು. ಉಪ್ಪುನೀರಲ್ಲಿ ಬದುಕುವ ಸೂಕ್ಷ್ಮಜೀವಿಗಳ ಬಣ್ಣ ಅದು ಎಂದು ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ ತಿಳಿಸಿತು. ಅದೇ ವರ್ಷ ಲೋಣಾರ್ ರಾಮ್ಸರ್ ಪಟ್ಟಿಗೆ ಸೇರಿತು. ರಾಮ್ಸರ್ ಎಂದರೆ ಜೌಗು ನೆಲಗಳ ಪಟ್ಟಿ. ಜೊತೆಗೆ ಅದು ವನ್ಯಜೀವಿ ಧಾಮ ಕೂಡ. ನೋಡಿದಿರಾ, ಬಾಹ್ಯಾಕಾಶದಿಂದ ಬಂದು ಅಪ್ಪಳಿಸಿದ್ದನ್ನು ಕಾಯಲು ನಾವು ನೀರಹಕ್ಕಿಗಳ ಹೆಸರು ಹೇಳಬೇಕಾಯಿತು.

ಹೀಗೆ ಯಾರದಾದರೂ ನೆರಳು ಸಿಕ್ಕ ಕಲ್ಲು ಭಾಗ್ಯವಂತ ಕಲ್ಲು. ಮರಡಿಹಳ್ಳಿಗೆ ಅಂಥ ನೆರಳಿಲ್ಲ. ಅಲ್ಲಿ ಉದ್ಭವ ಲಿಂಗವಿಲ್ಲ, ರಣಹದ್ದು ಇಲ್ಲ, ಸಿನಿಮಾದವರೂ ಬರುವುದಿಲ್ಲ. ಅಂಥವುಗಳಿಗಾಗಿಯೇ ಕಾನೂನು ಬೇಕಾಗಿರುವುದು.

ನೆರಳಿದ್ದರೆ ಸಾಕು ಎಂದೂ ಹೇಳುವಂತಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ತೋಟವೂ ಇದೆ, ಕೆಂಪೇಗೌಡರ ಗೋಪುರವೂ ಇದೆ, 1975ರ ಸ್ಮಾರಕ ಫಲಕವೂ ಇದೆ. ಸುಮಾರು 300 ಕೋಟಿ ವರ್ಷದ ಪೆನಿನ್ಸುಲರ್ ನೈಸ್ ಶಿಲೆ, ದಕ್ಷಿಣ ಭಾರತದ ಬಹುಭಾಗ ನಿಂತಿರುವುದು ಈ ಜಾತಿಯ ಬುನಾದಿಯ ಮೇಲೆ. ಬೆಳಗಿನ ನಡಿಗೆಗೆ ಬಂದವರು ಅದರ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾರೆ, ಕೂರಲಿ, ಕಲ್ಲಿಗೇನೂ ಆಗುವುದಿಲ್ಲ. ಆದರೆ 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಯೋಜನೆಯಲ್ಲಿ ಲಾಲ್‌ಬಾಗ್‌ನ ಒಂದಿಷ್ಟು ನೆಲವೂ ಸೇರಿದೆ ಎಂದು ತಿಳಿದಾಗ ನಾಗರಿಕರು ಬೀದಿಗಿಳಿಯಬೇಕಾಯಿತು. ಮರದ ಪರವಾಗಿ ಮಾತಾಡಲು ಅವರ ಕೈಯಲ್ಲಿ ಕಾನೂನಿತ್ತು. ಬಂಡೆಯ ಪರವಾಗಿ ಇದ್ದದ್ದು ಒಂದು ಫಲಕ ಮಾತ್ರ.

ಕೇರಳದ ವರ್ಕಲಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಡಲ ದಂಡೆಗೆ ಆತುಕೊಂಡೇ ಎದ್ದ ಆ ಕೆಂಪು ಕಡಿದಾದ ದಿಣ್ಣೆಯೂ ನಿಮ್ಮ ಸಂಸ್ಥೆಯ ಸ್ಮಾರಕವೇ. 2024ರಲ್ಲಿ, ಪಿತೃಕರ್ಮ ಮಾಡುವ ಬಲಿ ಮಂಟಪದ ಬಳಿ ಕುಸಿತದ ಅಪಾಯವಿದೆಯೆಂದು ಜಿಲ್ಲಾಡಳಿತ ಅದರ ಒಂದು ಭಾಗವನ್ನು ಯಂತ್ರದಿಂದ ಕೆಡವಿಸಿತು. ಸರ್ವೇಕ್ಷಣಾ ಸಂಸ್ಥೆ ಆಕ್ಷೇಪಿಸಿತು, ಕೆಡವಿದ ಮೇಲೆ. ಜನರ ಜೀವದ ಪ್ರಶ್ನೆ ಬಂದಾಗ ಜಿಲ್ಲಾಧಿಕಾರಿ ಸುಮ್ಮನಿರಲಾರರು, ಅದನ್ನು ಒಪ್ಪುತ್ತೇನೆ. ಆದರೆ ಕೈ ಹಾಕುವ ಮುಂಚೆ ಯಾರನ್ನು ಕೇಳಬೇಕು ಎಂಬುದು ಕಾನೂನಿನಲ್ಲಿ ಬರೆದಿದ್ದರೆ ಇಳಿಜಾರು ಭದ್ರಪಡಿಸುವ ಬೇರೆ ದಾರಿ ಹುಡುಕಬಹುದಿತ್ತೋ ಏನೋ.

ಮಲ್ಪೆಯ ಸೇಂಟ್ ಮೇರಿಸ್ ದ್ವೀಪಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಅಲ್ಲಿಗೆ ದೋಣಿಯಲ್ಲಿ ಹೋದವರಿಗೆ ಮೊದಲು ಸಿಗುವುದು ವಾಸ್ಕೋ ಡ ಗಾಮನ ಕತೆ, 1498ರಲ್ಲಿ ಬಂದಿಳಿದನಂತೆ, ಹೆಸರಿಟ್ಟನಂತೆ. ಕಾಲ ಕೆಳಗಿನ ಕಂಬಗಳ ಕತೆ ಕೇಳುವ ಹೊತ್ತಿಗೆ ವಾಪಸು ದೋಣಿಯ ಸೀಟಿ ಊದಿರುತ್ತದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದು ಬೇರ್ಪಡುತ್ತಿದ್ದಾಗ ಉಕ್ಕಿದ ಲಾವಾ ಅದು. ತಣಿಯುತ್ತ ಕುಗ್ಗಿದಾಗ ಬೇಸಿಗೆಯ ಕೆರೆಯಂಗಳದ ಕೆಸರಿನಂತೆ ಬಿರುಕು ಬಿಟ್ಟಿತು. ಬಿರುಕು ಮೇಲಿಂದ ಆಳಕ್ಕೆ ಇಳಿದಂತೆ ಐದು, ಆರು, ಏಳು ಮುಖದ ಕಂಬಗಳಾದವು. ಜಗತ್ತಿನಲ್ಲಿ ಇಂಥ ಕಂಬಗಳು ಹೆಚ್ಚಾಗಿ ಬಸಾಲ್ಟಿನವು. ಮಲ್ಪೆಯವು ಸಿಲಿಕಾ ಹೆಚ್ಚಿರುವ, ರಯೊಲೈಟ್ ಬಗೆಯ ಲಾವಾದವು, ಅದೇ ಅವುಗಳ ವಿಶೇಷ. ಅದೇ ವಯಸ್ಸಿನ ಜ್ವಾಲಾಮುಖಿ ಶಿಲೆಗಳು ಈಗ ಸಾವಿರಾರು ಕಿಲೋಮೀಟರ್ ದೂರದ ಮಡಗಾಸ್ಕರ್‌ನಲ್ಲಿವೆ. ಕನ್ನಡ ಕರಾವಳಿಯ ಒಂದು ದಂಡೆ ಆಫ್ರಿಕದ ಕಡೆ ಉಳಿದುಹೋಯಿತು ಎಂದು ಉಡುಪಿಯ ಮಕ್ಕಳಿಗೆ ಶಾಲೆಯಲ್ಲೇ ಹೇಳಬೇಕು.

2025ರ ಸೆಪ್ಟೆಂಬರಿನಲ್ಲಿ ಈ ದ್ವೀಪ ಸಮೂಹ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಜೊತೆಗೆ ಪಂಚಗಣಿ-ಮಹಾಬಳೇಶ್ವರದ ದಖ್ಖನ್ ಲಾವಾ, ಮೇಘಾಲಯದ ಗುಹೆಗಳು, ನಾಗಾ ಬೆಟ್ಟಗಳ ಒಫಿಯೊಲೈಟ್ (ನೆಲದ ಮೇಲೆ ಬಂದ ಹಳೆಯ ಸಮುದ್ರತಳದ ಶಿಲೆ), ವಿಶಾಖಪಟ್ಟಣದ ಎರ್ರಮಟ್ಟಿ ದಿಬ್ಬಲು ಎಂಬ ಕೆಂಪು ಮರಳಿನ ದಿಬ್ಬಗಳು, ತಿರುಮಲ ಬೆಟ್ಟ, ಮತ್ತು ಅದೇ ವರ್ಕಲಾ ದಿಣ್ಣೆ. ಸಂತೋಷ. ಆದರೆ ನಾಳೆ ಯುನೆಸ್ಕೊದ ತಜ್ಞರು ಬಂದು, ಈ ತಾಣಕ್ಕೆ ನಿಮ್ಮ ದೇಶದ ಯಾವ ಕಾನೂನಿನ ರಕ್ಷಣೆ ಇದೆ ಎಂದು ಕೇಳುತ್ತಾರೆ. ಅದು ಅವರ ಅರ್ಜಿಯಲ್ಲೇ ಇರುವ ಪ್ರಶ್ನೆ. ಕರಾವಳಿ ನಿಯಂತ್ರಣ ವಲಯದ ನಿಯಮ, ಅರಣ್ಯ ಕಾಯಿದೆ ಎಂದು ಅಲ್ಲಿ ಇಲ್ಲಿ ಹೆಕ್ಕಿ ತೋರಿಸಬೇಕಾಗುತ್ತದೆ. ಯುನೆಸ್ಕೊದ ಜಾಗತಿಕ ಭೂಉದ್ಯಾನಗಳು, ಅಂದರೆ ಕಲ್ಲು ನೆಲದ ಮಹತ್ವಕ್ಕಾಗಿಯೇ ಗುರುತಿಸಿದ ಪ್ರದೇಶಗಳು, ಇನ್ನೂರಕ್ಕೂ ಹೆಚ್ಚಿವೆ, ಚೀನಾ ಒಂದರಲ್ಲೇ ನಲವತ್ತಕ್ಕೂ ಹೆಚ್ಚು. ಆ ಪಟ್ಟಿಯಲ್ಲಿ ಭಾರತದ್ದು ಒಂದನ್ನೂ ನಾನು ಕಂಡಿಲ್ಲ. ಕಲ್ಲಿಗೆ ಬರ ಬಂದ ದೇಶವೇ ನಮ್ಮದು?

ಈಗ ಕರಡಿನ ಮಾತಿಗೆ ಬರುತ್ತೇನೆ. ಅದನ್ನು ಇದ್ದ ಹಾಗೇ ಪಾಸು ಮಾಡಿ ಎಂದು ನಾನು ಕೇಳುತ್ತಿಲ್ಲ. ಹಾನಿ ಮಾಡಿದವರಿಗೆ ಆರು ತಿಂಗಳವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 50 ಸಾವಿರದವರೆಗೆ ಹೆಚ್ಚುವರಿ ದಂಡ ಎಂದು ಅದರಲ್ಲಿತ್ತು, ಅದು ಇರಲಿ. ಆದರೆ ಘೋಷಣೆ ಕೇಂದ್ರದ್ದು, ಭೂಸ್ವಾಧೀನ 2013ರ ಕಾಯಿದೆಯಡಿ, ತಾಣದ ಮೇಲಿನ ಅಧಿಕಾರವೆಲ್ಲ ಸರ್ವೇಕ್ಷಣಾ ಸಂಸ್ಥೆಯ ಮಹಾನಿರ್ದೇಶಕರ ಕೈಯಲ್ಲಿ ಎಂಬ ಅದರ ಚೌಕಟ್ಟು ನನಗೆ ಒಪ್ಪಿಗೆಯಿಲ್ಲ.

ಮೇಘಾಲಯದ ಮಾವ್ಮ್ಲು ಗುಹೆಯನ್ನು ತೆಗೆದುಕೊಳ್ಳಿ. ಅಲ್ಲಿ ನೆಲದಿಂದ ಮೇಲೆದ್ದ ಸುಣ್ಣದ ಕಂಬವೊಂದರ ಪದರಗಳಲ್ಲಿ 4,200 ವರ್ಷಗಳ ಹಿಂದೆ ಮಳೆ ಕೈಕೊಟ್ಟದ್ದರ ಗುರುತು ಸಿಕ್ಕಿತು. ಅದನ್ನು ಆಧಾರವಾಗಿಟ್ಟುಕೊಂಡು 2018ರಲ್ಲಿ ಭೂಮಿಯ ಇತಿಹಾಸದ ಇತ್ತೀಚಿನ ಘಟ್ಟಕ್ಕೆ ಮೇಘಾಲಯನ್ ಎಂದೇ ಹೆಸರಿಟ್ಟರು. ನೀವೂ ನಾನೂ ಬದುಕುತ್ತಿರುವುದು ಆ ಘಟ್ಟದಲ್ಲೇ. 2022ರಲ್ಲಿ ಅಂತಾರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ಪ್ರಕಟಿಸಿದ ಮೊದಲ ನೂರು ಪಾರಂಪರಿಕ ತಾಣಗಳಲ್ಲಿ ಮಾವ್ಮ್ಲುವೂ ಇತ್ತು. ಆದರೆ ಮೇಘಾಲಯದಲ್ಲಿ ನೆಲ ಬಹುಪಾಲು ಸಮುದಾಯದ್ದು, ಕುಲದ್ದು, ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಆಡಳಿತ ಕೊಡುವ ಸಂವಿಧಾನದ ಆರನೇ ಅನುಸೂಚಿಯ ಪ್ರದೇಶ ಅದು. ಅಲ್ಲಿ ಹೋಗಿ ಸ್ವಾಧೀನದ ನೋಟಿಸ್ ಅಂಟಿಸಿದರೆ ಗುಹೆಗೆ ಕಾವಲುಗಾರರಾಗಬೇಕಾದವರೇ ಎದುರಾಳಿಗಳಾಗುತ್ತಾರೆ. ದೂರದ ಮೇಘಾಲಯವೇಕೆ, ನಮ್ಮ ಮರಡಿಹಳ್ಳಿಯಲ್ಲೂ ಅದೇ ಆಗುತ್ತದೆ. ಕುರಿ ಮೇಯಿಸುವವನನ್ನು ಬೇಲಿಯ ಆಚೆ ನಿಲ್ಲಿಸಿ ಕಲ್ಲನ್ನು ಕಾಯಲು ಹೊರಗಿನಿಂದ ಒಬ್ಬನನ್ನು ಗುತ್ತಿಗೆ ಸಂಬಳಕ್ಕೆ ತರುವುದು ಯಾವ ಲೆಕ್ಕ? ಕಾಯುವ ಕೆಲಸವನ್ನೂ, ಬಂದವರಿಗೆ ತೋರಿಸಿ ಹೇಳುವ ಕೆಲಸವನ್ನೂ ಅವನಿಗೇ ಕೊಡಿ, ತರಬೇತಿ ನಾವು ಕೊಡುತ್ತೇವೆ.

ಸಂಶೋಧಕರಿಗೂ ಬಾಗಿಲು ಮುಚ್ಚಬಾರದು. 2021ರಲ್ಲಿ ಮಧ್ಯಪ್ರದೇಶದ ಭೀಮ್‌ಬೇಟ್ಕಾದ ಬಂಡೆಯ ಮೇಲೆ ಡಿಕಿನ್‌ಸೋನಿಯಾ ಎಂಬ 55 ಕೋಟಿ ವರ್ಷ ಹಿಂದಿನ ಜೀವಿಯ ಗುರುತು ಸಿಕ್ಕಿದೆ ಎಂದು ಲೋಕವೆಲ್ಲ ಸುದ್ದಿಯಾಯಿತು. ಆಮೇಲೆ ಬೇರೆ ವಿಜ್ಞಾನಿಗಳು ಅದೇ ಬಂಡೆಯ ಬಳಿಗೆ ಹೋಗಿ ನೋಡಿದರೆ, ಅದು ಜೇನುಗೂಡಿನ ಅಂಟು ಉಳಿಕೆ! ನಗುವಂಥದ್ದೇ, ಆದರೆ ವಿಜ್ಞಾನ ತನ್ನನ್ನು ತಿದ್ದಿಕೊಳ್ಳುವುದು ಹೀಗೆಯೇ. ಬಂಡೆ ಅಲ್ಲೇ ಇತ್ತು, ಮತ್ತೊಬ್ಬರು ಹೋಗಿ ನೋಡಲು ಸಾಧ್ಯವಿತ್ತು, ಆದ್ದರಿಂದ ಸುಳ್ಳು ಉಳಿಯಲಿಲ್ಲ. (ಅಲ್ಲೂ ಬಂಡೆ ಉಳಿದಿರುವುದು ಆದಿಮಾನವರ ಚಿತ್ರಗಳ ಪುಣ್ಯದಿಂದ.) ತಾಣಕ್ಕೆ ಹೋಗಲು, ಮಾದರಿ ತೆಗೆಯಲು ಒಂದೇ ಸಂಸ್ಥೆಯ ಅನುಮತಿಗಾಗಿ ವರ್ಷಗಟ್ಟಲೆ ಕಾಯುವಂತಾದರೆ ಜಿಲ್ಲಾ ಕಾಲೇಜುಗಳ ಮೇಷ್ಟರು, ಮಕ್ಕಳು ಆ ಕಡೆ ಸುಳಿಯುವುದನ್ನೇ ಬಿಡುತ್ತಾರೆ. ವಿಶ್ವವಿದ್ಯಾಲಯಗಳು, ರಾಜ್ಯಗಳು, ಸ್ಥಳೀಯ ಸಂಸ್ಥೆಗಳು ಕೂತು ಮಾತಾಡುವ ಸ್ವತಂತ್ರ ಪ್ರಾಧಿಕಾರವೊಂದು ಇರಲಿ. ಸರ್ವೇಕ್ಷಣಾ ಸಂಸ್ಥೆ ಅದರಲ್ಲಿ ಹಿರಿಯಣ್ಣನಾಗಿರಲಿ, ಒಡೆಯನಾಗುವುದು ಬೇಡ.

ಇನ್ನು ನಿಮ್ಮ ಖಾತೆಗೆ ನಿಜಕ್ಕೂ ಇಕ್ಕಟ್ಟಿನ ಪ್ರಶ್ನೆ. ರಾಜಸ್ಥಾನದ ಉದಯಪುರದ ಹತ್ತಿರ ಝಾಮರ್‌ಕೋಟ್ರಾದಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ, ಸುಮಾರು 180 ಕೋಟಿ ವರ್ಷ ಹಿಂದೆ ಸೂಕ್ಷ್ಮಜೀವಿಗಳ ಪಾಚಿಯಂಥ ಪದರಗಳು ಕಟ್ಟಿದ ಕಲ್ಲುಗಳು. ಇಂಥ ಜೀವಿಗಳು ಬಿಸಿಲು ಕುಡಿದು ಆಮ್ಲಜನಕ ಬಿಟ್ಟದ್ದರಿಂದಲೇ ನಾವು ಉಸಿರಾಡುತ್ತಿದ್ದೇವೆ. ಅದೇ ಕಲ್ಲಿನಲ್ಲಿ ರಂಜಕವೂ ಇದೆ, ಗೊಬ್ಬರಕ್ಕಾಗಿ ಅಲ್ಲಿ ದೊಡ್ಡ ಗಣಿ ನಡೆಯುತ್ತಿದೆ. ಒಂದು ಭಾಗವನ್ನು ಉದ್ಯಾನವೆಂದು ಬಿಟ್ಟುಕೊಟ್ಟಿದ್ದಾರೆ. ಇದು ಆಗುವ ಮಾತು, ನಾನು ಮೆಚ್ಚುತ್ತೇನೆ. ಗಣಿಯ ನಕ್ಷೆ ಬರೆಯುವಾಗಲೇ ಇದಿಷ್ಟು ಬಿಡೋಣ ಎಂದು ತೀರ್ಮಾನಿಸಿದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ. ಮುಟ್ಟಬಾರದ ಜಾಗ ಬಹುತೇಕ ತಾಣಗಳಲ್ಲಿ ಕೆಲವೇ ಎಕರೆ.

ಕಷ್ಟ ಇರುವುದು ದೊಡ್ಡ ಗಣಿಗಳಲ್ಲಿ ಅಲ್ಲ, ಕಲ್ಲು ಕ್ವಾರಿಗಳಲ್ಲಿ. ಕಟ್ಟಡದ ಕಲ್ಲು, ಗ್ರಾನೈಟ್, ಜಲ್ಲಿ ಇವೆಲ್ಲ ಉಪಖನಿಜ. 1957ರ ಕಾಯಿದೆಯ ಪ್ರಕಾರ ಅವುಗಳ ನಿಯಮ ಮಾಡುವವು ರಾಜ್ಯಗಳು. ಅರ್ಜಿ ಬಂದು ನಿಲ್ಲುವುದು ಜಿಲ್ಲಾ ಮಟ್ಟದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೇಜಿನ ಮೇಲೆ. ಅಲ್ಲಿನ ಕಡತದಲ್ಲಿ ಸರ್ವೆ ನಂಬರ್ ಇರುತ್ತದೆ, ವಿಸ್ತೀರ್ಣ ಇರುತ್ತದೆ, ಕಂದಾಯ ಇಲಾಖೆಯ ನಿರಾಕ್ಷೇಪಣೆ, ಅರಣ್ಯ ಇಲಾಖೆಯ ನಿರಾಕ್ಷೇಪಣೆ ಇರುತ್ತದೆ. ಪಹಣಿಯಲ್ಲಿ ಬಂಡೆಯಿರುವ ನೆಲ ಬಹಳ ಸಲ ಖರಾಬು ಎಂದೇ ದಾಖಲಾಗಿರುತ್ತದೆ. ಈ ಬಂಡೆಗೆ ಭೂವೈಜ್ಞಾನಿಕ ಮಹತ್ವವಿದೆಯೇ ಎಂದು ಕೇಳುವ ಒಂದು ಸಾಲನ್ನು ಆ ಕಡತಕ್ಕೆ ಸೇರಿಸಿ. ದೆಹಲಿಯಲ್ಲಿ ಎಷ್ಟು ಒಳ್ಳೆಯ ಕಾನೂನು ಮಾಡಿದರೂ ಈ ಮೇಜಿಗೆ ಅದು ತಲುಪದಿದ್ದರೆ ಒಂದು ರಾತ್ರಿಯ ಸಿಡಿಮದ್ದಿಗೆ ಮುಗಿಯಿತು.

ಹಾಗಾಗಿ ಘೋಷಿತ ಸ್ಮಾರಕಗಳ ಗಡಿಯನ್ನು ಮೊದಲು ಅಳೆಸಿ. ಅವು ಮೂವತ್ತಕ್ಕೂ ಹೆಚ್ಚಿವೆ. ಯಾವ ಸರ್ವೆ ನಂಬರಿನಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂದು ಪಹಣಿಯ ಅಂಕಣದಲ್ಲಿ ಬರೆಸಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ರಾಜ್ಯಗಳಿಗೆ ನಿಮ್ಮದೊಂದು ಪತ್ರ ಸಾಕು. ಎರಡನೆಯದಾಗಿ, ಪಟ್ಟಿಯನ್ನು ಬೆಳೆಯಲು ಬಿಡಿ. ಯಾಣ ಅದರಲ್ಲಿಲ್ಲ. ಹಂಪಿ, ಆನೆಗೊಂದಿಯ ಗುಂಡುಗಳು, ವಿರೂಪಾಕ್ಷನಿಗಿಂತ, ಕಿಷ್ಕಿಂಧೆಗಿಂತ ಎಷ್ಟೋ ಮೊದಲೇ ಬಿಸಿಲು ಮಳೆಗೆ ಬಿರಿದು ಒಂದರ ಮೇಲೊಂದು ನಿಂತವು, ಅವೂ ಇಲ್ಲ. ಕೋಲಾರದಲ್ಲಿ ಪೆದ್ದಪಲ್ಲಿಯ ಶಿಲೆಗಳು ಪಟ್ಟಿಯಲ್ಲಿವೆ, ಆದರೆ 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳ ತಗ್ಗು ದಿಬ್ಬಗಳ ನಡುವೆ ಅವನ್ನು ಕೇಳುವವರಿಲ್ಲ. ಯಾವುದೇ ಗ್ರಾಮಸಭೆ, ಯಾವುದೇ ಕಾಲೇಜು ನಮ್ಮೂರಿನ ಈ ಬಂಡೆಯನ್ನು ನೋಡಿ ಎಂದು ಅರ್ಜಿ ಕೊಡಲು ದಾರಿ ಇರಲಿ, ಅರ್ಜಿಗೆ ಇಂತಿಷ್ಟು ತಿಂಗಳಲ್ಲಿ ಉತ್ತರ ಬರಲೇಬೇಕು ಎಂದಿರಲಿ. ಉತ್ತರ ಬರುವವರೆಗೆ ಅಲ್ಲಿ ಕ್ವಾರಿ ಗುತ್ತಿಗೆ ಕೊಡದಿರಲಿ.

ಕೊನೆಯದು ಸಣ್ಣ ಕೋರಿಕೆ. ಕರಡನ್ನು ಮತ್ತೆ ಹೊರಡಿಸುವಾಗ ಅದನ್ನು ಇಂಗ್ಲಿಷ್, ಹಿಂದಿಯಲ್ಲಿ ಜಾಲತಾಣಕ್ಕೆ ಏರಿಸಿ ಸುಮ್ಮನಾಗಬೇಡಿ. ಕನ್ನಡದಲ್ಲಿ, ತೆಲುಗಿನಲ್ಲಿ, ಮರಾಠಿಯಲ್ಲಿ, ಖಾಸಿಯಲ್ಲಿ ಮುದ್ರಿಸಿ ಆಯಾ ತಾಣದ ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಿಸಿ, ಜನ ಓದಿ ಆಕ್ಷೇಪಿಸಲು ಕನಿಷ್ಠ ಮೂರು ತಿಂಗಳು ಕೊಡಿ. ಮರಡಿಹಳ್ಳಿಯ ಪ್ರತಿಯನ್ನು ನನ್ನ ವಿಳಾಸಕ್ಕೆ ಕಳಿಸಿದರೂ ಆದೀತು, ಬಸ್ಸಿನಲ್ಲಿ ಹೋಗಿ ನಾನೇ ಅಂಟಿಸಿ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಚಿತ್ರದುರ್ಗ ಜಿಲ್ಲೆಯ ನಿವೃತ್ತ ಭೂವಿಜ್ಞಾನ ಉಪನ್ಯಾಸಕ